ಮಲ್ಲಾಜಿಯ ಭಾರ

ನಮ್ಮೂರ ಸಂತೆಯಿಂದ ನಾನು ಈವರೆಗೆ ಒಂದು ಕುಂಬಳಕಾಯಿಯನ್ನೂ ಮನೆ ಮುಟ್ಟಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಆಮೇಲೆ ಯಾರಾದರೂ ನನ್ನನ್ನು ಗಟ್ಟಿಗನೆಂದು ತಿಳಿದು ಕತೆ ಕೇಳಿದರೆ ಅದೂ ಒಂದು ಮೋಸವೇ ಆಗುತ್ತದೆ.

ನಮ್ಮ ಊರಿನಲ್ಲಿ ದುಡ್ಡಿನ ವ್ಯವಹಾರವಿಲ್ಲ. ಸಂತೆಯಲ್ಲಿ ಯಾರು ಏನನ್ನು ಬೇಕಾದರೂ ಎತ್ತಿಕೊಳ್ಳಬಹುದು. ದಾರಿಯಲ್ಲಿ ಎಲ್ಲಿಯೂ ನೆಲಕ್ಕೆ ಇಳಿಸದೆ ಮನೆಯ ಹೊಸ್ತಿಲು ದಾಟಿಸಿದರೆ ಅದು ಅವರದು. ಇಳಿಸಿದರೆ ಸಂತೆಕಟ್ಟೆಯವರು ಹಿಂದಿನಿಂದ ಬಂದು ಎತ್ತಿಕೊಂಡು ಹೋಗುತ್ತಾರೆ. ಕೇಳಿದರೆ ಸುಲಭವೆನಿಸುತ್ತದೆ. ಆದರೆ ವಸ್ತುವಿನ ಭಾರ ವಸ್ತುವಿನಲ್ಲಿಲ್ಲ, ಹೊರುವವರ ಅಭಿಪ್ರಾಯದಲ್ಲಿದೆ. ಬೆಲೆ ಎನ್ನುವುದು ಎಲ್ಲಿಂದ ಹುಟ್ಟುತ್ತದೆ ಎಂದು ನೀವು ನಂಬಿದ್ದೀರೋ, ನಿಮ್ಮ ಕೈಯಲ್ಲಿ ಭಾರವೂ ಅಲ್ಲಿಂದಲೇ ಹುಟ್ಟುತ್ತದೆ.

ನಮ್ಮ ಎದುರುಮನೆಯ ಬಡಗಿ ಕೆಂಚಣ್ಣನದು ದುಡಿಮೆ ಪಂಥ. ಬೆವರೇ ಬೆಲೆ ಎನ್ನುತ್ತಾನೆ. ಹೊಳೆಯ ಗುಂಡುಕಲ್ಲನ್ನು ಅವನು ಹತ್ತಿಯ ಉಂಡೆಯಂತೆ ಎಸೆದಾಡುತ್ತಾನೆ, ಅದರ ಮೇಲೆ ಯಾರ ಬೆವರೂ ಬಿದ್ದಿಲ್ಲವಲ್ಲ. ಆದರೆ ಮಗಳ ಮದುವೆಗೆ ಒಂದು ಕಸೂತಿ ಕುಪ್ಪಸ ತರುವಾಗ ಸೊಂಟ ಬಾಗಿ, ಕಣ್ಣು ಹೊರಗೆ ಬಂದು, ತೆವಳುವಂತೆ ಬಂದಿದ್ದ. ಕುಂಬಾರಗೇರಿಯವರು ಪಾಲು ಪಂಥದವರು. ಎಷ್ಟು ಕೈ ಸೇರಿದರೆ ಅಷ್ಟು ಹಗುರ, ಹೊತ್ತವರೆಲ್ಲರಿಗೂ ಅದು ಸೇರಬೇಕು. ಒಂದು ಕೊಡೆ ತರಲು ಇಡೀ ಕೇರಿ ಹೋಗಿತ್ತು. ಈಗ ಮಳೆ ಬಂದರೆ ಅದರಡಿ ಇಡೀ ಕೇರಿ ನಿಂತು ನೆನೆಯುತ್ತದೆ. ಇನ್ನು ನನ್ನ ಹೆಂಡತಿ ಮಲ್ಲಾಜಿ ಬಯಕೆ ಪಂಥದವಳು. ಬೇಕು ಅನ್ನಿಸಿದಷ್ಟೂ ಬೆಲೆ, ಬೇಕು ಅನ್ನಿಸಿದಷ್ಟೂ ಭಾರ. ಅದಕ್ಕೇ ಬಯಕೆ ಪಂಥದವರು ಸಂತೆಯಿಂದ ಬರುವಾಗ ಹೊತ್ತ ವಸ್ತುವನ್ನು ದಾರಿಯುದ್ದಕ್ಕೂ ಬೈಯುತ್ತಾ ಬರುವ ವಾಡಿಕೆ. ತಲೆಯ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಮಲ್ಲಾಜಿ, "ಥೂ, ಎಂಥಾ ಅಕ್ಕಿ ಇದು, ಹುಳ ಹಿಡಿದದ್ದು, ನಾಯೀನೂ ಮೂಸಲ್ಲ, ಯಾರಿಗೆ ಬೇಕಾಗಿತ್ತೋ" ಎನ್ನುತ್ತಾ ಬಿರಬಿರನೆ ನಡೆಯುವುದನ್ನು ನೋಡಬೇಕು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಬೈಯುವವರಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ.

ನನ್ನ ಕಸುಬು ಸಿಂಬಿ ಹೆಣೆಯುವುದು. ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಹುಲ್ಲಿನದು, ಬಟ್ಟೆಯದು, ಅದು. ನನ್ನ ಸಿಂಬಿ ಊರಿನ ಎಲ್ಲ ಪಂಥದವರ ತಲೆಯ ಮೇಲೂ ಇದೆ. ನಾನು ಮಾತ್ರ ಏನನ್ನೂ ಹೊರಲಾರೆ. ಕಾರಣ ಸಂಜೆ ಶಾಲೆ ಎಂದು ಮಲ್ಲಾಜಿ ಹೇಳುತ್ತಾಳೆ. ಪಟ್ಟಾಭಿ ಮೇಷ್ಟ್ರು ಸಂಜೆ ಹೊತ್ತು ದೀಪ ಹಚ್ಚಿ ಬೆಲೆಯ ಪಾಠ ಹೇಳುತ್ತಿದ್ದರು. ಹಗಲು ದುಡಿದು ಬಂದ ನಮ್ಮಂಥವರು ತೂಕಡಿಸುತ್ತಾ ಕೇಳುತ್ತಿದ್ದೆವು. ಉಳಿದವರು ತಮಗೆ ಹೊಂದುವ ಪಂಥ ಸಿಕ್ಕಿದ ಕೂಡಲೇ ಶಾಲೆ ಬಿಟ್ಟರು. ನಾನು ಬಿಡಲಿಲ್ಲ. ದುಡಿಮೆಯ ಪಾಠ ಕೇಳಿದಾಗ ಇದೇ ಸರಿ ಎನ್ನಿಸುತ್ತಿತ್ತು. ಮಾರನೆಯ ವಾರ ಬಯಕೆಯ ಪಾಠ ಕೇಳಿದರೆ ಛೇ, ಇದು ಹೊಳೆಯಲೇ ಇಲ್ಲವಲ್ಲ ಎನ್ನಿಸುತ್ತಿತ್ತು. ಎಲ್ಲ ಪಂಥಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ಬರೆಯುವುದರಲ್ಲಿ ನಾನೇ ಮುಂದು. ಯಾವುದರ ಕೊನೆಯಲ್ಲೂ 'ಆದರೆ' ಎಂದು ಬರೆಯದೆ ಬಿಟ್ಟವನಲ್ಲ. ಆ 'ಆದರೆ' ಈಗ ನನ್ನ ಕೈಗಳಿಗೆ ಇಳಿದಿದೆ. ಎತ್ತುವಾಗ ಸೌತೆಕಾಯಿಯಷ್ಟಿದ್ದ ಕುಂಬಳಕಾಯಿ ಬಾವಿಯ ಹತ್ತಿರ ಬರುವಷ್ಟರಲ್ಲಿ ಬೀಸುವ ಕಲ್ಲಾಗುತ್ತದೆ. ಮನಸ್ಸು ಹೊರಳಿದಂತೆ ಭಾರ ಹೊರಳುತ್ತದೆ, ಕಾಲಿಗೆ ಅಂದಾಜು ಸಿಗುವುದಿಲ್ಲ. ಹೀಗಾಗಿ ಮಲ್ಲಾಜಿ ಹೊರುತ್ತಾಳೆ, ನಾನು ಇನ್ನೊಂದು ಸಿಂಬಿ ಹಿಡಿದು ಹಿಂದೆ ನಡೆಯುತ್ತೇನೆ. "ಲಕ್ಕಣ್ಣ ಬಂದ ನೋಡ್ರೋ, ಗಾಳಿ ಹೊತ್ಕೊಂಡು" ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಾರೆ.

ಒಂದು ವರ್ಷ ಮಲ್ಲಾಜಿಗೆ ಜ್ವರ ಬಂತು. ಕಷಾಯಕ್ಕೆ ಬಗ್ಗಲಿಲ್ಲ. ವೈದ್ಯಶಾಲೆಯ ಮಂಚ ಬಂದು ಅವಳನ್ನು ಕರೆದುಕೊಂಡು ಹೋಯಿತು. ಹೋಗುವಾಗ ಮಂಚ ಅವರದು, ಬರುವಾಗ ಇಲ್ಲ. ಮಲಗಿಕೊಂಡು ಒಳಗೆ ಹೋದವರು ನಡೆದು ಹೊರಗೆ ಬರುವಂತಿಲ್ಲ, ಮನೆಯವರು ಹೊತ್ತು ತರಬೇಕು. ಮನುಷ್ಯರಿಗೂ ಸಂತೆಯ ಕಟ್ಟಳೆಯೇ. ದಾರಿಯಲ್ಲಿ ಇಳಿಸಿದರೆ ಕಟ್ಟೆಯವರು ಎತ್ತಿಕೊಂಡು ಹೋಗಿ ಇಳಿಸಿದವರ ಚಾವಡಿಯಲ್ಲಿ ಕೂರಿಸುತ್ತಾರೆ. ಸಂತೆಯ ದಿನ ಅವರು ಮೆಣಸಿನಕಾಯಿ ರಾಶಿಗೂ ಮಡಕೆಗಳಿಗೂ ನಡುವೆ ತಲೆ ಬಾಚಿಕೊಂಡು ಸಾಲಾಗಿ ಕುಳಿತಿರುತ್ತಾರೆ. ಯಾರು ಹೊರಬಲ್ಲರೋ ಅವರ ಮನೆಗೆ.

ಗಾಣದ ಗಂಗಪ್ಪ ಬಯಕೆ ಪಂಥದವನು. ತಾಯಿಯೆಂದರೆ ಅವನಿಗೆ ಪ್ರಾಣ. ಹುಣಸೆಮರದವರೆಗೂ ಅವಳನ್ನು ತಂದ, ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲಾಗದೆ ಕುಸಿದ. ಮುಂದಿನ ಸಂತೆಯಲ್ಲಿ ಆ ಮುದುಕಿಯನ್ನು ಯಾವನೋ ಹೊರಗೇರಿಯವನು, ಅವಳ ಹೆಸರೂ ಕೇಳದವನು, ಬೀಸಣಿಗೆಯ ಹಾಗೆ ಎತ್ತಿಕೊಂಡು ಹೋದ. ಅವನಿಗೆ ಅವಳು ಬೇಕಿರಲಿಲ್ಲ. ಹಸು ಕಾಯಲು ಒಂದು ಜನ ಬೇಕಿತ್ತು ಅಷ್ಟೆ. ಗಂಗಪ್ಪ ಅಂದಿನಿಂದ ಗಾಣ ತಿರುಗಿಸುತ್ತಾನೆ, ಮಾತಾಡುವುದಿಲ್ಲ.

'ನಾಳೆ ಬೆಳಗ್ಗೆ ಬಂದು ಕರೆದುಕೊಂಡು ಹೋಗಿ' ಎಂದು ವೈದ್ಯಶಾಲೆಯಿಂದ ಹೇಳಿಕಳಿಸಿದ ಸಂಜೆ ನಾನು ಹೆಣೆಯುತ್ತಿದ್ದ ಸಿಂಬಿಯನ್ನು ಅರ್ಧಕ್ಕೇ ಬಿಟ್ಟೆ. ಎದ್ದು ಕೆಂಚಣ್ಣನ ಮನೆಗೆ ಹೋದೆ. ಅವನು ಹಿಂದೆ ತನ್ನ ತಂದೆಯನ್ನು ಹೊತ್ತು ತಂದಿದ್ದ.

"ಹೆಂಗೆ ತಂದೆ ಕೆಂಚಣ್ಣ?"

"ಹೆಂಗೆ ಅಂದ್ರೆ, ಬೆನ್ನು ನೋಡು ಹೆಂಗೈತೆ" ಎಂದು ತಿರುಗಿ ಕುಳಿತ. ಬಾಗಿದ ಬೆನ್ನು. "ನಮ್ಮಪ್ಪನ ಸಾಕಕ್ಕೆ ನಮ್ಮಜ್ಜಿ ಎಷ್ಟು ಕಷ್ಟ ಬಿದ್ದಿರಬೇಕು, ಅದೆಲ್ಲ ನನ್ನ ಬೆನ್ನ ಮ್ಯಾಗೆ ಬಂತು. ಅಜ್ಜಿ ಬೀಸಿದ್ದು, ಅಜ್ಜಿ ನೀರು ಸೇದಿದ್ದು, ಎಲ್ಲಾ. ಹೊಸ್ತಿಲು ದಾಟಿಸ್ದೆ. ಆದ್ರೆ ಆವತ್ತಿಂದ ಆಕಾಶ ನೋಡಿಲ್ಲ ನಾನು."

"ನೀನೂ ಒಂದು ಕೈ ಹಾಕಿದರೆ..."

"ಹಾಕ್ತೀನಪ್ಪ, ನನಗೇನು? ಆಮೇಲೆ ಮಲ್ಲಾಜಕ್ಕ ಆರು ತಿಂಗ್ಳು ನಮ್ಮನೇಲಿ, ಆರು ತಿಂಗ್ಳು ನಿಮ್ಮನೇಲಿ ಇರಬೇಕಾಯ್ತದೆ. ನಮ್ಮನೆಯೋಳು ಒಪ್ಪಬೇಕಲ್ಲ. ನಿಮ್ಮಾಕೆ ಬಾಯಿ ನಿನಗೆ ಗೊತ್ತೇ ಐತೆ." ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಯಾವುದಾದ್ರೂ ಒಂದು ನಂಬ್ಕೊ ಲಕ್ಕಣ್ಣ. ಯಾವುದಾದ್ರೂ ಸರಿ. ದಾರೀಲಿ ಬದಲಾಯಿಸ್ಬೇಡ. ಕಾಲು ತೊಡರೋದು ಅಲ್ಲೇಯ."

ಪಟ್ಟಾಭಿ ಮೇಷ್ಟ್ರ ಹತ್ತಿರ ಹೋದೆ. ಅವರದು ಹರಿವು ಪಂಥ. ಕೈಯಲ್ಲಿ ಉಳಿದದ್ದು ಭಾರವಾಗುತ್ತದೆ, ದಾಟಿಸಿದ್ದು ಹಗುರ. ಬೆಲ್ಲ ತರಲು ಹೋದರೆ ದಾರಿಯಲ್ಲಿ ಅದನ್ನು ಯಾರಿಗೋ ಕೊಟ್ಟು, ಅವರ ಚಾಪೆ ತೆಗೆದುಕೊಂಡು, ಅದನ್ನೂ ದಾಟಿಸಿ, ಕೊನೆಗೆ ಒಂದು ಹಿಡಿ ಹೂವಿನೊಂದಿಗೆ ಮನೆ ಸೇರುವವರು. ನಾನು ಕೇಳುವ ಮೊದಲೇ ಅವರು ಹೇಳಿದರು.

"ಹೋಲಿಸಿ ನೋಡೋದಕ್ಕೆ ಬಂದಿದ್ದೀಯ ಅಲ್ವೇನಯ್ಯಾ?"

"ಯಾವುದರಲ್ಲಿ ಅವಳು ಹಗುರಾಗ್ತಾಳೆ ಸಾರ್?"

ಮೇಷ್ಟ್ರು ದೀಪದ ಬತ್ತಿ ಏರಿಸಿದರು. "ದುಡಿಮೆಯಲ್ಲಿ ನೋಡು. ಮನುಷ್ಯರಿಗೆ ಹಾಕಿದಷ್ಟು ದುಡಿಮೆ ಬೇರೆ ಯಾವುದಕ್ಕೂ ಯಾರೂ ಹಾಕಿಲ್ಲ. ಬಯಕೆಯಲ್ಲಿ, ಗಂಗಪ್ಪನ ಕಥೆ ಗೊತ್ತಲ್ಲ. ಪಾಲಿನಲ್ಲಿ ಹಗುರ, ಆದರೆ ಮನೆಗೆ ಬರೋದು ಪಾಲಿನಷ್ಟೇ ಹೆಂಡತಿ."

"ಹರಿವಿನಲ್ಲಿ ಸಾರ್?"

"ನನ್ನ ಹೆಂಡತೀನ ನಾನೂ ಹೊತ್ತೆ ಲಕ್ಕಣ್ಣ. ಬಾವಿ ಹತ್ತಿರ ಆಗಲೇ ಇಲ್ಲ, ಅವಳ ತಮ್ಮನ ಕೈಗೆ ದಾಟಿಸಿದೆ. ಅವನ ಮನೇಲಿ ಚೆನ್ನಾಗಿದ್ದಾಳೆ. ಹಬ್ಬಕ್ಕೆ ಬರ್ತಾಳೆ. ಬಂದಾಗ ನೀರು ಕೊಡ್ತೀನಿ, ಯಾರೋ ನೆಂಟರಿಗೆ ಕೊಟ್ಟ ಹಾಗೆ." ಏರಿಸಿದ ಬತ್ತಿಯನ್ನು ಮತ್ತೆ ತಗ್ಗಿಸಿದರು. "ಇಷ್ಟು ವರ್ಷ ಪಾಠ ಹೇಳಿದೆ. ಇದೊಂದು ಪಾಠದಲ್ಲಿ ಇರಲಿಲ್ಲ ನೋಡು. ಎಲ್ಲಾ ಪಂಥದಲ್ಲೂ ಮನುಷ್ಯರು ಭಾರ."

ಬೆಳಗ್ಗೆ ವೈದ್ಯಶಾಲೆಯ ಬಾಗಿಲಲ್ಲಿ ಮಲ್ಲಾಜಿಯನ್ನು ಬೆಂಚಿನ ಮೇಲೆ ಕೂರಿಸಿದ್ದರು. ಜ್ವರ ಅವಳನ್ನು ಅರ್ಧ ತಿಂದಿತ್ತು. ಕಣ್ಣುಗಳು ಮಾತ್ರ ಹಾಗೇ ಇದ್ದವು. ನನ್ನನ್ನು ನೋಡಿ, ನನ್ನ ಹಿಂದೆ ನೋಡಿದಳು.

"ಬೇರೆ ಯಾರೂ ಬರಲಿಲ್ವಾ?"

"ಇಲ್ಲ."

"ರೀ, ಸಿಂಬಿ ಯಾಕೆ ತಂದ್ರಿ? ತಲೆ ಮೇಲೆ ಇಟ್ಕೋತೀರಾ ನನ್ನ?"

ನನಗೂ ಆಗಲೇ ಗೊತ್ತಾದದ್ದು, ಎಂದಿನಂತೆ ಕೈಯಲ್ಲಿ ಸಿಂಬಿ ಹಿಡಿದು ಬಂದಿದ್ದೆ. ಅದನ್ನು ಬೆಂಚಿನ ಮೇಲೆ ಬಿಟ್ಟು, ಬಗ್ಗಿ, ಅವಳ ಬೆನ್ನಿಗೊಂದು ಮೊಣಕಾಲಿಗೊಂದು ಕೈ ಕೊಟ್ಟು ಎತ್ತಿದೆ. ಸಂತೆಕಟ್ಟೆಯ ಇಬ್ಬರು ಆಳುಗಳು, ಇಳಿಸಿದವರನ್ನು ಹೊತ್ತೊಯ್ಯುವ ಬಿದಿರಿನ ಚಟ್ಟೆಯೊಂದಿಗೆ ಮರದ ಕೆಳಗೆ ಕಾಯುತ್ತಿದ್ದರು. ನಾನು ಹೊರಟ ಕೂಡಲೇ ಅವರೂ ಎದ್ದರು. ಅವಸರವಿಲ್ಲದೆ, ಎಲೆ ಅಡಿಕೆ ಜಗಿಯುತ್ತಾ, ನನ್ನ ನೆರಳಿಗೆ ಅವರ ನೆರಳು ತಾಕುವಷ್ಟು ಹತ್ತಿರ ನಡೆದು ಬಂದರು.

ಮೊದಲು ಅವಳು ಜ್ವರ ಬಿಟ್ಟ ಹೆಂಗಸಿನಷ್ಟೇ ಭಾರವಿದ್ದಳು. ನಂತರ ಕೆಂಚಣ್ಣನ ಬೆನ್ನು ನೆನಪಾಯಿತು. ಅದು ನೆನಪಾಗಬಾರದಿತ್ತು. ಸಿಡುಬು ಬಂದಾಗ ಅವಳ ತಾಯಿ ಬೇವಿನ ಸೊಪ್ಪು ಹಿಡಿದು ನಿದ್ದೆಗೆಟ್ಟು ಕುಳಿತದ್ದನ್ನು ಮಲ್ಲಾಜಿ ಎಂದೋ ಹೇಳಿದ್ದಳು. ಆ ತಾಯಿಯ ನಿದ್ದೆಯೆಲ್ಲ ನನ್ನ ತೋಳಿನ ಮೇಲೆ ಬಂದು ಕುಳಿತಿತು. ಮೊಣಕಾಲು ಮಡಚಿತು. ನಾನು ಹಲ್ಲು ಕಚ್ಚಿ, 'ಆದರೆ ಯಾರಿಗೂ ಬೇಡವಾದ ವಸ್ತುವಿಗೆ ಎಷ್ಟು ದುಡಿದರೇನು, ಬೆಲೆ ಬರುತ್ತದೆಯೇ' ಎಂದು ಸಂಜೆ ಶಾಲೆಯಲ್ಲಿ ಬರೆದದ್ದನ್ನು ಮನಸ್ಸಿನಲ್ಲೇ ಓದಿಕೊಂಡೆ. ತಾಯಿಯ ಭಾರ ಇಳಿಯಿತು. ಆದರೆ ಈಗ ನಾನು ಬಯಕೆ ಪಂಥದಲ್ಲಿದ್ದೆ, ಮತ್ತು ನನಗೆ ಅವಳು ಬೇಕಾಗಿದ್ದಳು.

ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ನನ್ನ ತೋಳುಗಳು ಸೊಂಟಕ್ಕಿಂತ ಕೆಳಗೆ ಇಳಿದಿದ್ದವು. ಅವಳ ಜಡೆಯ ತುದಿ ಮಣ್ಣು ಗುಡಿಸುತ್ತಿತ್ತು. ಹಿಂದೆ ಚಟ್ಟೆ ನೆಲಕ್ಕೆ ತಾಕಿದ ಸದ್ದಾಯಿತು.

"ಮುಟ್ತು ಕಣ್ಲಾ" ಎಂದ ಒಬ್ಬ.

"ಕೂದಲು ಲೆಕ್ಕಕ್ಕಿಲ್ಲ. ತಡಿ, ಇನ್ನೇನು ಇಳಿಸ್ತಾನೆ" ಎಂದ ಇನ್ನೊಬ್ಬ.

ಗಂಗಪ್ಪ ಕುಸಿದದ್ದು ಇಲ್ಲೇ. ನನ್ನ ಕಣ್ಣಿಗೆ ಮೆಣಸಿನಕಾಯಿ ರಾಶಿ, ಮಡಕೆಗಳ ಸಾಲು, ನಡುವೆ ತಲೆ ಬಾಚಿಕೊಂಡು ಕುಳಿತ ಮಲ್ಲಾಜಿ ಕಾಣಿಸಿದಳು. ಕಂಡಷ್ಟೂ ಭಾರ ಹೆಚ್ಚಿತು. ಆಗ ಅವಳು ನನ್ನ ಎದೆಯ ಹತ್ತಿರದಿಂದ ಬಾಯಿ ತೆರೆದಳು.

"ಥೂ, ಎಂಥಾ ಹೆಂಗಸನ್ನ ಹೊತ್ಕೊಂಡು ಹೊರಟಿದ್ದೀರ ನೀವು" ಎಂದಳು.

ನನಗೆ ಅರ್ಥವಾಗಲಿಲ್ಲ.

"ಮುಖ ನೋಡ್ರಿ, ಸುಟ್ಟ ಬದನೇಕಾಯಿ ಹಂಗಿದೆ. ಗೊರಕೆ ಹೊಡೀತಾಳೆ, ಪಕ್ಕದ ಮನೆ ನಾಯಿ ಬೊಗಳೋ ಹಾಗೆ. ಸಾರಿಗೆ ಉಪ್ಪು ಹಾಕೋಕೆ ಈ ಜನ್ಮದಲ್ಲಿ ಬರಲಿಲ್ಲ. ಯಾರಿಗೆ ಬೇಕಾಗಿತ್ತು ಇಂಥವಳು?"

ಅಕ್ಕಿ ಮೂಟೆಯನ್ನು ಬೈಯುವ ದನಿಯಲ್ಲೇ ಅವಳು ತನ್ನನ್ನು ಬೈದುಕೊಳ್ಳತೊಡಗಿದ್ದಳು. ಊರಿನಲ್ಲೇ ಚೆನ್ನಾಗಿ ಬೈಯಬಲ್ಲ ಹೆಂಗಸು. ನನ್ನ ತೋಳು ಒಂದು ಗೇಣು ಮೇಲೆದ್ದಿತು. ನಾನು ಹೆಜ್ಜೆ ಇಟ್ಟೆ.

"ನಿಮ್ಮಕ್ಕನ ಮದುವೇಲಿ ಜಗಳ ತೆಗೆದೋಳು ಇವಳೇ. ನಿಮ್ಮ ಶಾಲೆ ಹಾಳೇಲಿ ಒಲೆ ಹಚ್ಚಿದೋಳು ಇವಳೇ. ಹೋಲಿಸಿ ಹೋಲಿಸಿ ಬರೆದಿದ್ರಲ್ಲ, ಚೆನ್ನಾಗಿ ಉರೀತು." ಉಸಿರು ಎಳೆದುಕೊಳ್ಳಲು ನಿಲ್ಲಿಸಿ ಮತ್ತೆ ಶುರುಮಾಡಿದಳು. ಸಂತೆಕಟ್ಟೆ ದಾಟಿತು. ಕಟ್ಟೆಯ ಮೇಲೆ ಕುಳಿತವರು ಇಂದು ನಗಲಿಲ್ಲ. ಸೇದುವ ಬಾವಿ ಹತ್ತಿರವಾಗುತ್ತಿದ್ದಂತೆ ಅವಳ ಬೈಗುಳ ಮುಗಿಯುತ್ತಾ ಬಂತು, ದನಿ ಸಣ್ಣಗಾಯಿತು. ಭಾರ ಮತ್ತೆ ಏರತೊಡಗಿತು. ಆಮೇಲೆ ಅವಳು ಬೈಯುವ ದನಿ ಬಿಟ್ಟು, ಸುಮ್ಮನೆ ಮನೆಯಲ್ಲಿ ಮಾತಾಡುವ ಹಾಗೆ ಹೇಳಿದಳು.

"ಇವಳು ಇರೋವರೆಗೂ ನೀವು ಏನೂ ಹೊರಲ್ಲ ರೀ. ಎಲ್ಲಾ ಇವಳೇ ಹೊತ್ತುಬಿಡ್ತಾಳೆ. ಇವಳು ಇಲ್ದೇ ಇದ್ದಿದ್ರೆ ನೀವೂ ಒಬ್ಬ ಮನುಷ್ಯ ಆಗಿರ್ತಿದ್ರಿ."

ಆ ಮಾತು ಮುಗಿಯುತ್ತಲೇ ನನ್ನ ಕೈಯಲ್ಲಿ ಯಾರೂ ಇರಲಿಲ್ಲ. ಇದ್ದಳು, ಸೀರೆ ಕಾಣುತ್ತಿತ್ತು, ಮುಖ ಕಾಣುತ್ತಿತ್ತು. ಆದರೆ ಭಾರವಿರಲಿಲ್ಲ. ಒಣಗಿದ ಎಲೆಗೂ ಒಂದು ತೂಕವಿರುತ್ತದೆ, ಅಷ್ಟೂ ಇರಲಿಲ್ಲ. ನಾನು ಓಡಿದೆ. ಬಾವಿ ದಾಟಿದೆ, ಕುಂಬಾರಗೇರಿಯ ಬಾಯಿ ದಾಟಿದೆ. ಅಲ್ಲಿಯ ಜನವೆಲ್ಲ ಕೆಲಸ ಬಿಟ್ಟು ಕೈ ಮಣ್ಣಾಗಿಯೇ ಬಂದು ನಿಂತು ನೋಡುತ್ತಿದ್ದರು. ಹಿಂದೆ ಚಟ್ಟೆಯವರು ಓಡಲಾರದೆ ಬೈಯುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನಾನು ಏನನ್ನೋ ಹೊತ್ತು ಓಡುತ್ತಿದ್ದೆ, ಮತ್ತು ನನಗೆ, ಹೇಗೆ ಹೇಳಲಿ, ಹಿತವಾಗಿತ್ತು.

ನಮ್ಮ ಬೀದಿಯ ತಿರುವಿನಲ್ಲಿ ಅವಳ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ತಾನು ಹಗುರಾದದ್ದು ಅವಳಿಗೆ ತಿಳಿದಿತ್ತು.

ಭಾರ ಒಮ್ಮೆಲೇ ತಿರುಗಿ ಬಂತು. ಹುಣಸೆಮರದ ಹತ್ತಿರ ಇದ್ದದ್ದು ಅದರ ಮುಂದೆ ಏನೂ ಅಲ್ಲ. ತೋಳಿನಲ್ಲಿ ಏನೋ ಹರಿದ ಸದ್ದು ನನಗೇ ಕೇಳಿಸಿತು. ಹೊಸ್ತಿಲು ಎದುರಿಗಿತ್ತು. ನಡೆಯುವುದು ಸಾಧ್ಯವೇ ಇರಲಿಲ್ಲ, ಆದ್ದರಿಂದ ಬಿದ್ದೆ. ಮುಂದಕ್ಕೆ ಬಿದ್ದೆ. ಅವಳು ನನ್ನ ಕೆಳಗೆ, ಹೊಸ್ತಿಲ ಆಚೆ.

"ಒಳಗೆ! ಒಳಗೇ ಬಿದ್ದಿರೋದು! ಕಾಲು ನೋಡ್ರೋ, ಕಾಲೂ ಒಳಗೈತೆ!" ಎಂದು ಕೆಂಚಣ್ಣ ಎದುರುಮನೆಯಿಂದ ಕೂಗಿದ. ಚಟ್ಟೆಯವರು ಬಗ್ಗಿ ನೋಡಿ, ಎಲೆ ಅಡಿಕೆ ಉಗಿದು, ಹೋದರು.

ಊರೆಲ್ಲ ನನ್ನನ್ನು ಹೊಗಳಿತು. ಗಾಳಿ ಹೊರುವವನು ಹೆಂಡತಿಯನ್ನು ಹೊತ್ತು ಓಡಿದನಂತೆ ಎಂದರು. ನಾನು ಮಾತ್ರ ಸಿಂಬಿ ಹೆಣೆಯಲು ಕುಳಿತು ಒಂದೇ ಲೆಕ್ಕ ಮಾಡುತ್ತಿದ್ದೆ. ಆ ಬಾವಿಯಿಂದ ತಿರುವಿನವರೆಗೆ ನಾನು ಯಾವ ಪಂಥದಲ್ಲಿದ್ದೆ? ಪಾಲು ಪಂಥದಲ್ಲಿದ್ದಿರಬಹುದು. ಕುಂಬಾರಗೇರಿಯವರು ನೋಡುತ್ತಿದ್ದರಲ್ಲ, ಅಷ್ಟು ಜನರ ಮನಸ್ಸು ಕೈ ಹಾಕಿರಬಹುದು. ಹರಿವು ಪಂಥವೂ ಇರಬಹುದು, ಓಡುತ್ತಿದ್ದೆ, ಎಲ್ಲೂ ನಿಂತಿರಲಿಲ್ಲ. ದುಡಿಮೆ ಪಂಥ ಎಂದರೂ ಸಲ್ಲುತ್ತದೆ, ಅವಳಿಗಾಗಿ ನಾನು ಎಂದೂ ದುಡಿದವನಲ್ಲ ಎಂಬುದು ಆ ಮಾತಿನಲ್ಲಿ ನೆನಪಾಗಿ ನನ್ನ ಪಾಲಿನ ಭಾರ ಸೊನ್ನೆಯಾಗಿರಬಹುದು. ಪ್ರತಿಯೊಂದಕ್ಕೂ ಕಾರಣ ಕೊಡಬಲ್ಲೆ. ಬಯಕೆ ಪಂಥವೊಂದನ್ನು ಮಾತ್ರ ಕೊನೆಗೆ ಇಡುತ್ತಿದ್ದೆ. ಅದೇ ನಿಜವಾಗಿದ್ದರೆ, ಅಷ್ಟು ದೂರ ನನಗೆ ಅವಳು ಬೇಕಿರಲಿಲ್ಲ.

ಮಲ್ಲಾಜಿ ಚೇತರಿಸಿಕೊಂಡಳು. ಒಲೆ ಹಚ್ಚಿದಳು, ನೀರು ಸೇದಿದಳು, ಕೆಂಚಣ್ಣನ ಹೆಂಡತಿಯೊಂದಿಗೆ ಜಗಳವನ್ನೂ ಆಡಿದಳು. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಕೇಳಿದಳು.

"ಯಾವ ಮಾತಿಗೆ ನಾನು ಹಗುರಾದದ್ದು?"

"ಅದು... ಪಾಲು ಪಂಥದಲ್ಲಿ ನೋಡಿದರೆ..." ಎಂದು ಶುರುಮಾಡಿದೆ.

"ಗೊರಕೆಗಲ್ಲ, ಉಪ್ಪಿಗಲ್ಲ" ಎಂದಳು. "ಕೊನೇದಕ್ಕೆ. ಅಲ್ವಾ?"

'ಆದರೆ' ಎಂಬ ಮಾತು ನಾಲಗೆಯವರೆಗೆ ಬಂದು ನಿಂತಿತು. ಅವಳು ಸೊಪ್ಪಿನ ಮೊರ ಬದಿಗಿಟ್ಟು, ಕೈ ಒರೆಸಿಕೊಂಡು ಎದ್ದು ಬಂದಳು. ಹೊಡೆಯುತ್ತಾಳೆಂದುಕೊಂಡೆ. ಅವಳು ಬಗ್ಗಿ ನನ್ನ ಬೆನ್ನಿಗೊಂದು ಮೊಣಕಾಲಿಗೊಂದು ಕೈ ಕೊಟ್ಟಳು, ನಾನು ಅವಳಿಗೆ ಕೊಟ್ಟಿದ್ದ ಹಾಗೆಯೇ. ಎತ್ತಲು ನೋಡಿದಳು. ಕುತ್ತಿಗೆಯ ನರ ಉಬ್ಬಿತು. ನಾನು ಕುಳಿತ ಚಾಪೆಯಿಂದ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇನ್ನೂ ನಿಶ್ಶಕ್ತಿ ನಿನಗೆ" ಎಂದೆ. ನನಗೆ ಹಾಗೆ ಅಂದುಕೊಳ್ಳದೆ ಗತಿಯಿರಲಿಲ್ಲ.

ಮಲ್ಲಾಜಿ ಎದ್ದಳು. ಮೂಲೆಯಲ್ಲಿದ್ದ ಒರಳುಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಅದರಡಿ ಸರಿದು ಹೋಗಿದ್ದ ಒಂದು ದಂಟು ಸೊಪ್ಪನ್ನು ತೆಗೆದುಕೊಂಡು, ಕಲ್ಲನ್ನು ಸದ್ದಾಗದಂತೆ ಇಳಿಸಿದಳು. ಆಮೇಲೆ ನನ್ನ ಮುಂದೆ ಬಂದು ಕುಳಿತಳು. ಅವಳ ಕಣ್ಣಿನಲ್ಲಿ ನಾನು ಎಂದೂ ಕಾಣದಿದ್ದ ಭಯ ಕಾಣಿಸಿತು.

"ನಿಮಗೆ ಜ್ವರ ಬಂದ್ರೆ ನಾನೇನು ಮಾಡ್ಲಿ ರೀ?" ಎಂದಳು.

ಅಲ್ಲಿಯವರೆಗೆ ನಾನು ಇದನ್ನು ಯೋಚಿಸಿರಲಿಲ್ಲ. ಅಷ್ಟು ವರ್ಷ ಕಲಿತು, ಎಲ್ಲ ಪಂಥಗಳನ್ನೂ ಹೋಲಿಸಿ, ಅವಳ ಕೈಯಲ್ಲಿ ನನ್ನ ಭಾರ ಎಷ್ಟಿರಬಹುದೆಂದು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ.

ಈಗ ದಿನವೂ ದೀಪ ಹಚ್ಚಿದ ಮೇಲೆ ಮಲ್ಲಾಜಿ ನನ್ನನ್ನು ಬೈಯುತ್ತಾಳೆ. ಅಭ್ಯಾಸ ಬೇಕಲ್ಲ ಎನ್ನುತ್ತಾಳೆ. ಹೇಡಿ ಎನ್ನುತ್ತಾಳೆ, ಗಾಳಿ ಹೊರುವವನು ಎನ್ನುತ್ತಾಳೆ, ನಿಮ್ಮಂಥವರು ಯಾರಿಗೆ ಬೇಕು ಎನ್ನುತ್ತಾಳೆ. ಎಲ್ಲ ನಿಜವೇ, ನಾನು ತಲೆ ತಗ್ಗಿಸಿ ಕೇಳುತ್ತೇನೆ. ಬೈದು ಮುಗಿಸಿ ಬಗ್ಗಿ, ಕೈ ಕೊಟ್ಟು, ಎತ್ತಿ ನೋಡುತ್ತಾಳೆ. ನಾನು ಉಸಿರು ಬಿಗಿಹಿಡಿದು ಕುಳಿತಿರುತ್ತೇನೆ. ಎತ್ತಲಾರದೆ ಹೋದರೆ ಚಾವಡಿ ಕಾದಿದೆ ಎಂಬ ಹೆದರಿಕೆ ಒಂದು ಕಡೆ. ಎಂದಾದರೂ ಒಂದು ಸಂಜೆ ಬೀಸಣಿಗೆಯ ಹಾಗೆ ಎತ್ತಿಬಿಟ್ಟರೆ ಎಂಬ ಹೆದರಿಕೆ ಇನ್ನೊಂದು ಕಡೆ. ಇವೆರಡರಲ್ಲಿ ಯಾವುದು ಭಾರ ಎಂದು ಹೋಲಿಸಲು ಮಾತ್ರ ನಾನು ಹೋಗಿಲ್ಲ. ನಿನ್ನೆಯೂ ಎತ್ತಿ ನೋಡಿದಳು. ಆಗಲಿಲ್ಲ.